ಇಪ್ಪತ್ಮೂರು ಸಲ ಉಳಿಸಿದ ಕಿಟಕಿ

ಕುಕ್ಕರ್ ಎರಡನೇ ಸಲ ಕೂಗುವ ಹೊತ್ತಿಗೆ ಮೇಡಂ ಅವರ ಫೋನ್ ಬಂತು. ಕನ್ನಡಕದ ಅಂಗಡಿಯವರ ಮನೆಯ ಬೋರ್ಡಿನಲ್ಲಿ ಒಂದು ನಲ್ಲಿಯ ಫೋಟೋ ಕಾಣಿಸುತ್ತಿಲ್ಲವಂತೆ. ಕೊಕ್ಕರೆಯ ಕುತ್ತಿಗೆಯ ಹಾಗೆ ಬಾಗಿದ ನಲ್ಲಿ. ತಾನು ಹಾಕಿದ್ದು ಖಂಡಿತ ಎಂದು ಅಂಗಡಿಯವರು ಪಟ್ಟು ಹಿಡಿದಿದ್ದಾರಂತೆ. ಬೇಗ ಹುಡುಕಿ ಕಳಿಸು, ಗಾರೆ ಮೇಸ್ತ್ರಿ ಇವತ್ತೇ ಅಲ್ಲಿ ಕೆಲಸ ಶುರು ಮಾಡುತ್ತಾನೆ, ನಾನು ಕಲ್ಲು ಕೊಯ್ಯುವ ಕಡೆ ಇರುತ್ತೇನೆ ಎಂದು ಹೇಳಿ ಅವರು ಫೋನ್ ಇಟ್ಟರು.

ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಅಡುಗೆಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದಳು. ನಾಲ್ಕು ವರ್ಷದ ಮಗಳು ಕಾಲ ಬುಡದಲ್ಲಿ ಕೂತು ಒಂದೇ ಚಪ್ಪಲಿಯನ್ನು ಸರದಿಯ ಮೇಲೆ ಎರಡೂ ಕಾಲಿಗೆ ಹಾಕಿ ನೋಡುತ್ತಿದ್ದಳು.

ಮೇಡಂ ಮನೆಗಳ ಒಳಾಂಗಣ ವಿನ್ಯಾಸ ಮಾಡುವವರು. ಮನೆ ಹೊಸದು ಮಾಡಿಸುವವರೆಲ್ಲ ಮೊದಲು ತಿಂಗಳುಗಟ್ಟಲೆ ಇಂಟರ್ನೆಟ್ಟಿನಲ್ಲಿ ಅಲೆಯುತ್ತಾರೆ. ಕಂಡ ಕಂಡ ಅಡುಗೆಮನೆ, ಕಂಡ ಕಂಡ ಪರದೆ, ಬಣ್ಣದ ನಂಬರು, ಅಂಗಡಿಯ ಲಿಂಕು, ಎಲ್ಲವನ್ನೂ ಒಂದು ಕಡೆಯಲ್ಲ, ಹತ್ತು ಕಡೆ ಉಳಿಸಿಡುತ್ತಾರೆ. ಮೆಸೇಜಿನಲ್ಲಿ ಅರ್ಧ, ಮೇಲ್‌ನಲ್ಲಿ ಕಾಲು, ಮಿಕ್ಕಿದ್ದು ಫೋನಿನ ಹೊಟ್ಟೆಯಲ್ಲಿ. ಅದನ್ನೆಲ್ಲ ಹೆಕ್ಕಿ ತಂದು, ಒಂದು ಮನೆಗೆ ಒಂದು ಬೋರ್ಡಿನಂತೆ ಆನ್‌ಲೈನಿನಲ್ಲಿ ಒಂದೇ ಜಾಗದಲ್ಲಿ ಓರಣವಾಗಿ ಜೋಡಿಸುವುದು ಅವಳ ಕೆಲಸ. ಆಮೇಲೆ ಬಂದ ಫೋಟೋಗಳನ್ನು ಮನೆಯವರೇ ನೇರವಾಗಿ ಬೋರ್ಡಿಗೆ ಹಾಕುತ್ತಾರೆ. ಫೋಲ್ಡರ್ ಎಂಬ ಮಾತು ಅವಳ ಬಾಯಿಗೆ ಬರುವುದಿಲ್ಲ, ಡಬ್ಬಿ ಅನ್ನುತ್ತಾಳೆ. ದೀಪದ ಡಬ್ಬಿ, ನಲ್ಲಿಯ ಡಬ್ಬಿ, ಬೀರುವಿನ ಡಬ್ಬಿ. ಅದಕ್ಕೇ ಬಡಗಿಗಳು, ಗಾರೆಯವರು ಎಲ್ಲರೂ ಅವಳನ್ನು ಡಬ್ಬಿ ಅಕ್ಕ ಅನ್ನುವುದು. ಮಗಳು ಹುಟ್ಟುವ ಮೊದಲು ಬಿಟ್ಟಿದ್ದ ದುಡಿಮೆಗೆ ಐದು ವರ್ಷದ ಮೇಲೆ ಮರಳಿದ್ದಳು. ಮೂರು ತಿಂಗಳು ನೋಡುತ್ತೇನೆ, ಆಮೇಲೆ ಖಾಯಂ ಎಂದಿದ್ದರು ಮೇಡಂ. ಆ ಮೂರು ತಿಂಗಳು ಬರುವ ಶುಕ್ರವಾರಕ್ಕೆ ಮುಗಿಯುತ್ತಿತ್ತು.

ಮೇಡಂ ಅವರದ್ದು ಒಂದು ವಿಚಿತ್ರ ಪದ್ಧತಿ. ನಿಮಗೇನು ಬೇಕು ಎಂದು ಅವರು ಯಾರನ್ನೂ ಮೊದಲಿಗೆ ಕೇಳುತ್ತಿರಲಿಲ್ಲ. ಬಾಯಿ ಮುಲಾಜು ನೋಡುತ್ತದೆ, ಉಳಿಸಿಟ್ಟ ಫೋಟೋ ನೋಡುವುದಿಲ್ಲ ಅನ್ನುವುದು ಅವರ ನಂಬಿಕೆ. ಯಾವ ಡಬ್ಬಿಯಲ್ಲಿ ಎಷ್ಟು ಫೋಟೋ ಇದೆಯೆಂದು ಎಣಿಸುತ್ತಿದ್ದರು. ಯಾವ ಡಬ್ಬಿ ತೂಕವೋ ಮನೆ ಆ ಕಡೆಗೆ ವಾಲುತ್ತಿತ್ತು. ಒಂದೋ ಎರಡೋ ಫೋಟೋ ಇದ್ದ ಡಬ್ಬಿಗಳನ್ನು ‘ಇತರೆ’ಗೆ ಸುರಿದುಬಿಟ್ಟರೆ ಅಲ್ಲಿಗೆ ಅವುಗಳ ಕತೆ ಮುಗಿಯಿತು.

ನಲ್ಲಿಯ ಡಬ್ಬಿಯಲ್ಲಿ ಕೊಕ್ಕರೆ ಕುತ್ತಿಗೆ ಇರಲಿಲ್ಲ. ಇತರೆಯಲ್ಲೂ ಇರಲಿಲ್ಲ. ಕಸದ ಬುಟ್ಟಿಯಲ್ಲೇನಾದರೂ ಇದೆಯೇ ಎಂದು ಅವಳು ತೆರೆದು ನೋಡಿದಳು. ಅಳಿಸಿದ್ದೆಲ್ಲ ಅಲ್ಲಿ ಒಂದು ತಿಂಗಳು ಬಿದ್ದಿರುತ್ತದೆ. ಮೂರು ವಾರದ ಹಿಂದೆ ಅವಳೇ ಅರವತ್ತೊಂದು ಫೋಟೋ ಅಳಿಸಿದ್ದಳು. ಒಂದೇ ಥರದ ಫೋಟೋಗಳನ್ನು ತಾನೇ ಪತ್ತೆ ಹಚ್ಚಿ, ಒಂದನ್ನುಳಿಸಿ ಉಳಿದವನ್ನು ತೆಗೆದುಹಾಕುವ ಗುಂಡಿಯೊಂದಿತ್ತು. ಒತ್ತಿದ್ದಳು. ಬೋರ್ಡು ತೊಳೆದಿಟ್ಟ ತಟ್ಟೆಯ ಹಾಗಾಗಿತ್ತು. ಮೇಡಂ ಕೂಡ ನೋಡಿ, ಈಗ ಕಣ್ಣಿಗೆ ಹಿತವಾಗಿದೆ ಎಂದಿದ್ದರು. ಆ ಒಂದು ಮಾತನ್ನು ಅವಳು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದಳು.

ಬುಟ್ಟಿಯಲ್ಲಿ ನಲ್ಲಿ ಸಿಕ್ಕಿತು; ಬೇರೊಂದು ನಲ್ಲಿಯ ಹಾಗೇ ಇದೆಯೆಂದು ಗುಂಡಿ ಅದನ್ನೂ ತೆಗೆದುಹಾಕಿತ್ತು. ಮೇಡಂಗೆ ಕಳಿಸಿಯೂ ಆಯಿತು. ಆದರೆ ನಲ್ಲಿಯ ಮೇಲೆ, ಕೆಳಗೆ, ಪಕ್ಕದಲ್ಲಿ ಇನ್ನೊಂದು ಫೋಟೋ ಇತ್ತು. ಅದೇ ಮತ್ತೆ ಮತ್ತೆ. ಅಗಲವಾದ ಕಿಟಕಿ, ಕಿಟಕಿಯ ತಳಕ್ಕೆ ಮರದ ಹಲಗೆ ಹೊಡೆದು ಮಾಡಿದ ಕೂರುವ ಜಾಗ, ಮೇಲೊಂದು ಮಾಸಿದ ಹಸಿರು ದಿಂಬು, ಅಷ್ಟೆ. ಎಣಿಸಿದಳು. ಇಪ್ಪತ್ತೆರಡು. ಬೋರ್ಡಿನಲ್ಲಿ ಉಳಿದದ್ದೂ ಸೇರಿದರೆ ಇಪ್ಪತ್ಮೂರು.

ಮತ್ತೊಮ್ಮೆ ಎಣಿಸಿದಳು. ಇಪ್ಪತ್ಮೂರೇ.

ಆ ಬೋರ್ಡಿಗೆ ಗಂಡ ಹೆಂಡತಿ ಇಬ್ಬರೂ ಫೋಟೋ ಹಾಕುತ್ತಿದ್ದರು. ಯಾವುದು ಯಾರದ್ದೆಂದು ಬೋರ್ಡು ಹೇಳುತ್ತಿರಲಿಲ್ಲ. ಆದರೆ ಅಳಿಸಿದ ಫೋಟೋಗಳ ಕೆಳಗೆ ತಾರೀಕು, ಗಂಟೆ ಎರಡೂ ಇದ್ದವು. ಎರಡು ತಿಂಗಳ ಉದ್ದಕ್ಕೂ ಹರಡಿದ ತಾರೀಕುಗಳು. ಗಂಟೆ ಮಾತ್ರ ಹೆಚ್ಚುಕಡಿಮೆ ಒಂದೇ: ಹನ್ನೊಂದು, ಹನ್ನೊಂದೂಕಾಲು, ಹನ್ನೊಂದೂ ಇಪ್ಪತ್ತು. ಅಂಗಡಿಯವರು ಆ ಹೊತ್ತಿಗೆ ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿರುತ್ತಾರೆ. ಹನ್ನೊಂದು ಗಂಟೆ ಯಾರ ಹೊತ್ತೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನ ಪಾತ್ರೆ ತೊಳೆದು ಮುಗಿದು, ಮಧ್ಯಾಹ್ನದ ಅಡುಗೆಗೆ ಇನ್ನೂ ಕೈ ಹಾಕಿರದ ಆ ಕಾಲು ಗಂಟೆ ಅವಳಿಗೂ ಇತ್ತು.

ಎರಡು ವಾರದ ಹಿಂದೆ ನಕ್ಷೆ ತೋರಿಸಲು ಹೋದಾಗ ಅವಳೂ ಮೇಡಂ ಜೊತೆಗಿದ್ದಳು. ಬೀರುವಿನ ಡಬ್ಬಿಯಲ್ಲಿ ಹತ್ತೊಂಬತ್ತು ಫೋಟೋ ಇದ್ದುದರಿಂದ ಮೇಡಂ ಮುಂದಿನ ಕೋಣೆಯ ಕಿಟಕಿಯನ್ನು ಮುಚ್ಚಿಸಿ, ಆ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಬೀರು ಇಟ್ಟಿದ್ದರು. ಅಂಗಡಿಯವರ ತಂದೆಯ ಕಾಲದಿಂದ ಕೂಡಿಟ್ಟ ಹಳೆಯ ಕನ್ನಡಕಗಳೆಲ್ಲ ಅದರಲ್ಲಿ ಸಾಲಾಗಿ ಕೂರುವುದೆಂದು ಅವರು ಹಿಗ್ಗಿ ಹೀರೆಕಾಯಿಯಾಗಿದ್ದರು. ಸರಿಯಾ ಎಂದು ಹೆಂಡತಿಯನ್ನು ಕೇಳಿದಾಗ ಆಕೆ ಬೋರ್ಡಿನ ಮೇಲೆ ಬೆರಳಿಟ್ಟು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದಿದ್ದರು. ಏನನ್ನೋ ಹುಡುಕುವ ಹಾಗೆ. ಆಮೇಲೆ, ಎಲ್ಲರಿಗೂ ಸರಿ ಅನ್ನಿಸಿದರೆ ಸರಿ ಅಂದಿದ್ದರು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ‘ಒಪ್ಪಿಗೆ’ ಎಂದು ಬರೆದುಕೊಂಡಿದ್ದಳು.

ಇಪ್ಪತ್ಮೂರು ಹತ್ತೊಂಬತ್ತಕ್ಕಿಂತ ಹೆಚ್ಚು. ಗುಂಡಿ ಒತ್ತದೆ ಇದ್ದಿದ್ದರೆ ಆ ಮನೆಯಲ್ಲಿ ಎಲ್ಲಕ್ಕಿಂತ ತೂಕದ ಡಬ್ಬಿ ಕಿಟಕಿಯದ್ದೇ. ಮೇಸ್ತ್ರಿ ಇವತ್ತು ಮುಚ್ಚಲು ಹೊರಟಿದ್ದೂ ಆ ಕಿಟಕಿಯನ್ನೇ.

ಮೇಡಂಗೆ ಫೋನ್ ಮಾಡಿದಳು. ಎತ್ತಲಿಲ್ಲ. ಕಲ್ಲು ಕೊಯ್ಯುವ ಯಂತ್ರದ ಮುಂದೆ ಯಾರ ಫೋನ್ ಯಾರಿಗೆ ಕೇಳುತ್ತದೆ. ಮೇಸ್ತ್ರಿಗೆ ಮಾಡಿದಳು. ಅವನ ಫೋನ್ ಯಾವಾಗಲೂ ಊಟದ ಚೀಲದಲ್ಲಿರುತ್ತದೆ, ಊಟದ ಹೊತ್ತಿಗೇ ಹೊರಗೆ ಬರುವುದು. ಗಂಟೆ ಒಂಬತ್ತೂಮುಕ್ಕಾಲು. ಒಲೆ ಆರಿಸಿದಳು, ಬೇಳೆ ಬೆಂದಿದೆಯೋ ಇಲ್ಲವೋ ನೋಡಲಿಲ್ಲ. ಮಗಳನ್ನು ಎತ್ತಿಕೊಂಡು ಮೇಲಿನ ಮನೆಯ ಅಜ್ಜಿಯ ಕೈಗೆ ಕೊಟ್ಟು, ಮಧ್ಯಾಹ್ನದೊಳಗೆ ಬರುತ್ತೇನೆ ಅಂದಳು. ಮುಖ ಯಾಕೆ ಹಾಗಿದೆ, ಯಾರಿಗೇನಾಯಿತು ಎಂದು ಅಜ್ಜಿ ಗಾಬರಿಯಾದರು. ಒಂದು ಕಿಟಕಿಗೆ ಎಂದು ಹೇಳಿ ಮೆಟ್ಟಿಲಿಳಿದಳು. ಅಜ್ಜಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಆದರೂ ಅವಳು ನಿಂತೇ ಇದ್ದಳು, ಕೂತರೆ ಬಸ್ಸು ಇನ್ನೂ ನಿಧಾನವಾಗುತ್ತದೆ ಎನ್ನುವಂತೆ. ನಾಲ್ಕನೇ ಸ್ಟಾಪು ದಾಟುವಾಗ ಮೇಡಂ ತಾವಾಗಿಯೇ ಫೋನ್ ಮಾಡಿದರು. ಅವಳು ಕಂಬಿ ಹಿಡಿದುಕೊಂಡು, ಸಣ್ಣ ದನಿಯಲ್ಲಿ, ಗುಂಡಿ ಒತ್ತಿದ್ದರಿಂದ ಹಿಡಿದು ಹನ್ನೊಂದು ಗಂಟೆಯವರೆಗೂ ಎಲ್ಲವನ್ನೂ ಹೇಳಿದಳು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು. ಆಕೆಗೆ ಫೋನ್ ಬಳಸಲು ಬರುವುದಿಲ್ಲ, ಅಷ್ಟೆ. ನಮ್ಮಮ್ಮನೂ ಒಂದೇ ಹೂವಿನ ಫೋಟೋ ಹತ್ತು ಸಲ ಇಟ್ಟುಕೊಂಡಿದ್ದಾರೆ, ಹಾಗೆಂದು ನಾನು ತೋಟ ಮಾಡಿಸಿಕೊಟ್ಟೆನೇ ಎಂದರು. ನಕ್ಷೆಗೆ ಒಪ್ಪಿಗೆ ಸಿಕ್ಕಿದೆ, ಬರೆದುಕೊಂಡವಳೂ ನೀನೇ. ಈಗ ಹೋಗಿ ಕೆದಕಿದರೆ ಗಂಡ ಹೆಂಡತಿಯ ನಡುವೆ ಇಲ್ಲದ ಜಗಳ ಹುಟ್ಟುತ್ತದೆ, ನನ್ನ ಮರ್ಯಾದೆ ಹೋಗುತ್ತದೆ.

“ಮುಂದಿನ ಸ್ಟಾಪ್‌ನಲ್ಲಿ ಇಳ್ಕೊಂಡು ಮನೆಗೆ ಹೋಗು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ,” ಅಂದರು ಕೊನೆಗೆ.

ಮುಂದಿನ ಸ್ಟಾಪು ಬಂತು. ಅವಳು ಇಳಿಯಲಿಲ್ಲ. ಇಳಿಯಲಿಲ್ಲವೆಂಬುದು ಅವಳಿಗೆ ಗೊತ್ತಾಗಿದ್ದು ಬಾಗಿಲು ಮುಚ್ಚಿದ ಮೇಲೆಯೇ. ಅತ್ತ ದರಿ, ಇತ್ತ ಪುಲಿ. ಮೇಡಂ ಹೇಳಿದ್ದು ನಿಜವಿದ್ದರೆ? ಶುಕ್ರವಾರಕ್ಕೆ ಮೂರೇ ದಿನವಿರುವಾಗ, ಹೆಂಗಸೊಬ್ಬರಿಗೆ ಫೋನ್ ಬಳಸಲು ಬಾರದ್ದನ್ನೇ ದೊಡ್ಡ ಗುಟ್ಟೆಂದುಕೊಂಡು ಓಡುತ್ತಿದ್ದಾಳೆ ಎಂದಾಗುತ್ತದೆ. ಕೆಲಸ ಹೋದರೂ ಮನೆಯಲ್ಲಿ ಗಂಡ ಏನೂ ಅನ್ನುವುದಿಲ್ಲ. ಅನ್ನದೇ ಇರುವುದೇ ಇನ್ನೂ ಕಷ್ಟ. ಆದರೆ ಗೋಡೆ ಎದ್ದ ಮೇಲೆ ಅದು ಬೋರ್ಡಿನ ಫೋಟೋ ಅಲ್ಲ, ಬುಟ್ಟಿಯಿಂದ ವಾಪಸು ತರಲಾಗುವುದಿಲ್ಲ.

ಕನ್ನಡಕದವರ ಮನೆಯ ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯ ಸಾಮಾನಿಗೆಲ್ಲ ಹಳೆಯ ಹಾಸಿಗೆ ಬಟ್ಟೆ ಹೊದಿಸಿದ್ದರು. ಅಂಗಡಿಯವರ ತಾಯಿಯನ್ನು ಕುರ್ಚಿ ಸಮೇತ ನಡುವಿನ ಬಾಗಿಲಿಗೆ ಸರಿಸಿದ್ದರು. ಕಿತ್ತ ಕಿಟಕಿಯ ಚೌಕಟ್ಟು ಗೋಡೆಗೆ ಒರಗಿತ್ತು. ಖಾಲಿ ಬಿದ್ದ ಜಾಗದ ತಳದಲ್ಲಿ ಆಗಲೇ ಮೂರು ಸಾಲು ಇಟ್ಟಿಗೆ ಎದ್ದಿತ್ತು. ಮೇಸ್ತ್ರಿ ಅವಳನ್ನು ನೋಡಿ, ಡಬ್ಬಿ ಅಕ್ಕ ಇಟ್ಟಿಗೆ ಎಣಿಸೋಕೂ ಬಂದ್ರಲ್ಲ ಎಂದು ನಕ್ಕ. ಅವಳಿಗೆ ನಗಲಾಗಲಿಲ್ಲ.

“ಮೇಸ್ತ್ರಿ, ಹತ್ತು ನಿಮಿಷ ಕೈ ನಿಲ್ಲಿಸ್ತೀರಾ?”

“ಮೇಡಂ ಹೇಳಿದ್ರಾ?”

“ಇಲ್ಲ. ನಾನೇ ಕೇಳ್ತಿದೀನಿ.”

ಮೇಸ್ತ್ರಿ ಕರಣೆಯ ತುದಿಯಿಂದ ಬಾಣಲೆಯ ಗಾರೆಯನ್ನು ಒಮ್ಮೆ ಮಗುಚಿದ. ಕಲಸಿದ ಗಾರೆ ಯಾರ ಮುಲಾಜೂ ನೋಡುವುದಿಲ್ಲ ಅಕ್ಕ, ಹತ್ತು ಅಂದರೆ ಹತ್ತೇ ಎಂದು ಹೇಳಿ ಬಾಗಿಲ ಹೊರಗೆ ಹೋಗಿ ನಿಂತ.

ಅಂಗಡಿಯವರು ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದರು. ನಲ್ಲಿಯ ವಿಷಯಕ್ಕೆ ಬಂದಿರಬೇಕೆಂದುಕೊಂಡು, ಅವರು ಈಗ ಬರ್ತಾರೆ, ಕೂತ್ಕೊಳ್ಳಿ ಎಂದರು. ಕೂರಲು ಅಲ್ಲಿ ಏನೂ ಇರಲಿಲ್ಲ. ಅವಳು ಮಾತು ಬೆಳೆಸದೆ ಫೋನ್ ತೆಗೆದು ಫೋಟೋ ತೋರಿಸಿದಳು.

ಆಕೆ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಬಗ್ಗಿ ನೋಡಿದರು. “ಅರೆ, ಇದು ಇದೆಯಾ? ಅವತ್ತು ಹುಡುಕಿದ್ರೆ ಸಿಗ್ಲಿಲ್ಲ. ಹೋಯ್ತು ಅಂದ್ಕೊಂಡಿದ್ದೆ.”

“ನೀವಿದನ್ನ ಇಪ್ಪತ್ಮೂರು ಸಲ ಹಾಕಿದೀರಿ.”

ಆಕೆಯ ಕಿವಿ ಕೆಂಪಾಯಿತು. “ಅಷ್ಟೊಂದಾ? ತಪ್ಪಾಯ್ತಾ? ನಂಗೆ ಅದು ಸರಿಯಾಗಿ ಬರಲ್ಲ ಕಣಮ್ಮ. ಒಂದ್ಸಲ ಹಾಕಿದ್ದು ಆಮೇಲೆ ಆ ರಾಶಿಯೊಳಗೆ ಎಲ್ಲಿ ಹೋಗುತ್ತೋ. ನೋಡ್ಬೇಕು ಅನ್ಸಿದಾಗ ಸಿಗಲ್ಲ. ಮತ್ತೆ ಎಲ್ಲಿತ್ತೋ ಅಲ್ಲಿಗೇ ಹೋಗಿ ಹುಡುಕಿ ತಂದು ಹಾಕ್ತಿದ್ದೆ.”

ಅವಳು ಫೋನನ್ನು ಹಿಂದಕ್ಕೆ ಎಳೆದುಕೊಂಡಳು. ಮೇಡಂ ಹೇಳಿದ್ದೇ ಸರಿ. ಬಳಸಲು ಬರುವುದಿಲ್ಲ, ಅಷ್ಟೆ. ಕ್ಷಮಿಸಿ ಎಂದು ಹೇಳಿ ಹಾಗೆಯೇ ಹೊರಟುಬಿಡಬಹುದಿತ್ತು, ಮುಂದಿನ ಬಸ್ಸು ಹಿಡಿದು ಊಟದ ಹೊತ್ತಿಗೆ ಮನೆ ಸೇರಬಹುದಿತ್ತು. ಹೊರಟವಳು ಬಾಗಿಲ ಹತ್ತಿರ ನಿಂತಳು.

“ಬೇರೆ ಫೋಟೋನೂ ಹಾಕಿರ್ತೀರಲ್ಲ. ದೀಪ, ಪರದೆ. ಅವೂ ಕಳೆದು ಹೋಗಿರ್ಬೇಕು. ಅವನ್ನೂ ಹೀಗೇ ಹುಡುಕಿ ತಂದ್ರಾ?”

ಆಕೆ ಯೋಚಿಸಿದರು. ಪಾತ್ರೆಯ ಅಕ್ಕಿಯಲ್ಲಿ ಬೆರಳಾಡಿಸುತ್ತಲೇ ಯೋಚಿಸಿದರು.

“ಇಲ್ಲ. ಅವು ಹೋದ್ರೆ ಹೋಗ್ಲಿ ಅನ್ಸಿತ್ತು.”

ಆ ಮಾತು ಹೇಳಿದ ಮೇಲೆ ಆಕೆ ತಾವೇ ಅದನ್ನು ಕೇಳಿಸಿಕೊಂಡ ಹಾಗಿತ್ತು. ಬೆರಳು ನಿಂತಿತು.

ಅವಳು ತಾನು ಮಾಡಿದ್ದನ್ನು ಹೇಳಿದಳು. ಗುಂಡಿ, ಅರವತ್ತೊಂದು, ಮೇಡಂ ಎಣಿಸುವ ಪದ್ಧತಿ, ಇತರೆಗೆ ಬಿದ್ದ ಒಂದೇ ಒಂದು ಫೋಟೋ. ಆಕೆ ಬೈಯಲಿಲ್ಲ. ಪಾಪ, ನೀವೇನು ಬೇಕೂಂತ ಮಾಡಿದ್ರಾ ಎಂದು ಉಲ್ಟಾ ಅವಳನ್ನೇ ಸಮಾಧಾನ ಮಾಡತೊಡಗಿದರು. ಆಗಿದ್ದಾಯಿತು, ಅವರು ಅಪ್ಪನ ಕನ್ನಡಕಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹದಿನಾಲ್ಕು ವರ್ಷವಾಯಿತು, ಅವರಿಗೂ ಆಸೆ ಇರುತ್ತದಲ್ಲ, ಇಟ್ಟಿಗೆ ಬೇರೆ ಬಂದುಬಿಟ್ಟಿದೆ ಎಂದೆಲ್ಲ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಮೂರೇ ಸಾಲು,” ಅಂದಳು. “ಇನ್ನೂ ಹಸಿ ಇದೆ.”

ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಕರಣೆ ಬಾಣಲೆಗೆ ತಾಗಿದ ಸದ್ದಾಯಿತು. ಹತ್ತು ನಿಮಿಷ ಮುಗಿದಿತ್ತು. ಗಾರೆ ಹರಡುವ ಸದ್ದು, ಇಟ್ಟಿಗೆ ಕೂರಿಸಿ ಹಿಡಿಯಿಂದ ಎರಡು ಸಲ ಕುಟ್ಟುವ ಸದ್ದು. ಮತ್ತೆ ಗಾರೆ. ಆಕೆ ಆ ಸದ್ದನ್ನು ಎರಡು ಇಟ್ಟಿಗೆಯವರೆಗೆ ಕೇಳಿದರು. ಮೂರನೆಯದಕ್ಕೆ ಅಕ್ಕಿಯ ಪಾತ್ರೆ ಕೆಳಗಿಟ್ಟು ಹೊರಗೆ ನಡೆದರು.

“ಸ್ವಲ್ಪ ನಿಲ್ಲಿಸಿ,” ಅಂದರು ಮೇಸ್ತ್ರಿಗೆ. ದನಿ ಎಷ್ಟು ಸಣ್ಣದಿತ್ತೆಂದರೆ ಅವನು ಕೇಳಿಸದೆ ಇನ್ನೊಂದು ಇಟ್ಟಿಗೆ ಎತ್ತಿಕೊಂಡ. ಆಕೆ ಹೋಗಿ ಆ ಇಟ್ಟಿಗೆಯ ಮೇಲೆ ಕೈ ಇಟ್ಟರು.

ಅಂಗಡಿಯವರು ತೋಳಿನ ಗುಂಡಿ ಹಾಕಿಕೊಳ್ಳುತ್ತ ಬಂದವರು ಆ ನೋಟ ನೋಡಿ ಹಾಗೆಯೇ ನಿಂತರು. ಏನಾಯಿತೆಂದು ಕೇಳಿದರು. ಹೆಂಡತಿ ಮಾತಾಡುವ ಮೊದಲು ಅವಳೇ ಮುಂದೆ ಬಂದು, ತಪ್ಪು ನನ್ನದು ಎಂದು ಶುರು ಮಾಡಿ, ಎರಡನೆಯ ಸಲ ಎಲ್ಲವನ್ನೂ ಹೇಳಿದಳು. ಅಂಗಡಿಯವರ ಹುಬ್ಬು ಗಂಟಾಗುತ್ತ ಹೋಯಿತು. ಎರಡು ವಾರದ ಹಿಂದೆ ನಿಮ್ಮೆದುರಿಗೇ ಕೇಳಿದ್ದರಲ್ಲ, ಇವಳೂ ಸರಿ ಅಂದಿದ್ದಳಲ್ಲ, ಈಗ ಅಂಗಡಿ ತೆರೆಯುವ ಹೊತ್ತಿಗೆ ಇದೇನಿದು ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

“ಬೇಕು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?”

“ಹಾಕಿದ್ನಲ್ಲ. ನೀವೂ ಅದೇ ಬೋರ್ಡ್ ನೋಡ್ತಿದ್ರಿ.”

ನಡುಬಾಗಿಲಿನ ಕುರ್ಚಿಯಿಂದ ಅಂಗಡಿಯವರ ತಾಯಿ, ಯಾರಿಗೂ ಹೇಳದವರ ಹಾಗೆ, “ಊರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡ್ತಾನೆ ನನ್ನ ಮಗ,” ಅಂದರು.

ಅಂಗಡಿಯವರು ಕೂರಲು ಜಾಗ ಹುಡುಕಿ, ಎಲ್ಲದಕ್ಕೂ ಬಟ್ಟೆ ಹೊದಿಸಿದ್ದನ್ನು ಕಂಡು ನಿಂತೇ ಉಳಿದರು. “ನೋಡಿದ್ದೆ,” ಅಂದರು. “ದಿನಾ ಅದೇ ಕಿಟಕಿ ಬರ್ತಿತ್ತು. ಬೋರ್ಡ್ ಕೆಟ್ಟಿದೆ ಅಂದ್ಕೊಂಡೆ.”

ಆಮೇಲೆ ಮೇಸ್ತ್ರಿಯನ್ನು ಕೇಳಿದರು, ತೆಗೆಯಲಾಗುತ್ತದೆಯೇ ಎಂದು. ಈಗಾದರೆ ಕೈಯಲ್ಲೇ ಬರುತ್ತದೆ, ಮಧ್ಯಾಹ್ನವಾದರೆ ಸುತ್ತಿಗೆ ಬೇಕು, ಆದರೆ ಮೇಡಂ ಒಂದು ಮಾತು ಹೇಳಬೇಕು ಅಂದ ಅವನು. ಎಲ್ಲರೂ ಅವಳ ಕಡೆ ನೋಡಿದರು.

ಅವಳು ಮೇಡಂಗೆ ಫೋನ್ ಮಾಡಿದಳು. ಮೇಡಂ ಎತ್ತಿದ ಕೂಡಲೇ ಹಿಂದೆ ಕಲ್ಲು ಕೊಯ್ಯುವ ಕಿರುಚಾಟ ಕೇಳಿಸಿತು. ಅವಳು ಮನೆಗೆ ಹೋಗಲಿಲ್ಲ ಎಂಬುದನ್ನು ಮೊದಲು ಹೇಳಿದಳು. ಉಳಿದದ್ದನ್ನು ಆಮೇಲೆ. ಹೆಂಡತಿ ಬೇರೆ ಯಾವ ಫೋಟೋವನ್ನೂ ಎರಡನೇ ಸಲ ಹುಡುಕಲಿಲ್ಲವೆಂಬುದನ್ನೂ ಬಿಡಲಿಲ್ಲ. ಯಂತ್ರ ನಿಲ್ಲಿಸಲು ಮೇಡಂ ಯಾರಿಗೋ ಕೂಗಿ ಹೇಳಿದರು.

“ಮೇಸ್ತ್ರಿಗೆ ಕೊಡು,” ಅಂದರು.

ಮೇಸ್ತ್ರಿ ಫೋನನ್ನು ಕಿವಿಯಿಂದ ನಾಲ್ಕು ಬೆರಳು ದೂರ ಹಿಡಿದು ಹೂಂ, ಹೂಂ ಅಂದ. ವಾಪಸು ಕೊಟ್ಟ. ಬಗ್ಗಿ, ಕೊನೆಗೆ ಕೂರಿಸಿದ್ದ ಇಟ್ಟಿಗೆಯನ್ನು ಮೊದಲು ಕಿತ್ತ. ಅದು ಕೆಸರಿನಿಂದ ಕಾಲು ಕಿತ್ತ ಹಾಗೆ ಸದ್ದು ಮಾಡಿ ಮೇಲೆ ಬಂತು. ಆಕೆ ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡರು. ಆಮೇಲೆ ಇನ್ನೊಂದು. ಸೀರೆಯ ತುಂಬ ಗಾರೆಯಾಯಿತು. ಅಂಗಡಿಯವರು ಅಂಗಡಿಗೆ ಫೋನ್ ಮಾಡಿ ಬರುವುದು ತಡವೆಂದು ಹೇಳಿದರು.

ಅರ್ಧ ಗಂಟೆಯೊಳಗೆ ಮೇಡಂ ಬಂದರು. ಕೂದಲ ಮೇಲೆಲ್ಲ ಕಲ್ಲಿನ ಬಿಳಿ ಧೂಳು. ಅವಳ ಮುಖ ನೋಡಲಿಲ್ಲ. ಮನೆಯವರ ಕ್ಷಮೆ ಕೇಳಿದರು, ಅದನ್ನು ನೀಟಾಗಿ, ಚುಟುಕಾಗಿ ಮುಗಿಸಿದರು. ಕಿಟಕಿ ಇದ್ದಲ್ಲೇ ಇರುತ್ತದೆ, ಕೆಳಗೆ ಹಲಗೆ ಬರುತ್ತದೆ, ಬೀರು ಎದುರಿನ ಗೋಡೆಗೆ ಹೋಗುತ್ತದೆ, ಆದರೆ ಅಲ್ಲಿ ಬಾಗಿಲಿರುವುದರಿಂದ ಉದ್ದ ಕಡಿಮೆಯಾಗುತ್ತದೆ ಎಂದರು. ಅಂಗಡಿಯವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಅಪ್ಪನ ಅರ್ಧ ಕನ್ನಡಕ ಪೆಟ್ಟಿಗೆಯಲ್ಲೇ ಉಳಿಯಬೇಕು ಹಾಗಾದರೆ ಎಂದು ಗೊಣಗಿದರು. ಅವರ ಮುಖ ಸಣ್ಣದಾಗಿದ್ದು ಎಲ್ಲರಿಗೂ ಕಾಣಿಸಿತು, ಹೆಂಡತಿಗೂ. ಆಕೆ ಮಾತ್ರ ಈ ಸಲ ಪರವಾಗಿಲ್ಲ ಬಿಡಿ ಅನ್ನಲಿಲ್ಲ. ಗಾರೆ ಮೆತ್ತಿದ ಕೈಗಳನ್ನು ದೂರ ಹಿಡಿದುಕೊಂಡು, ತೆರೆದ ಜಾಗದಿಂದ ಬೀದಿ ನೋಡುತ್ತ ನಿಂತಿದ್ದರು.

ಮೇಡಂ ಅಳತೆಯ ಟೇಪು ತೆಗೆದರು. ಅವಳು ಬಾಗಿಲ ಪಕ್ಕದಲ್ಲಿ, ಚಪ್ಪಲಿ ಹಾಕಿಕೊಳ್ಳುವುದೋ ಬೇಡವೋ ತಿಳಿಯದೆ ನಿಂತಿದ್ದಳು.

“ಶುಕ್ರವಾರ ಮಾತಾಡೋಣ,” ಅಂದರು ಮೇಡಂ, ಟೇಪು ಎಳೆಯುತ್ತಲೇ.

“ಸರಿ ಮೇಡಂ.”

“ಈಗ ಆ ತುದಿ ಹಿಡ್ಕೋ.”

ಅವಳು ಹೋಗಿ ಟೇಪಿನ ತುದಿಯನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿದಳು. ಬೆರಳು ನಡುಗುತ್ತಿದ್ದುದರಿಂದ ಟೇಪು ಉದ್ದಕ್ಕೂ ಸಣ್ಣಗೆ ಅದುರಿತು. ಆ ಕಡೆಯ ತುದಿಯಲ್ಲಿ ಮೇಡಂ ಕಣ್ಣು ಕಿರಿದು ಮಾಡಿ, ಅಲುಗಾಡಬೇಡ ಅಂದರು. ಅವಳು ಇನ್ನೊಂದು ಕೈಯನ್ನೂ ಸೇರಿಸಿ, ಎರಡು ಹೆಬ್ಬೆರಳಿನಿಂದಲೂ ಗಟ್ಟಿಯಾಗಿ ಒತ್ತಿ ಹಿಡಿದಳು.